ಬಿಸಿಯಾದ ಮೇಲೆ ಮುಷ್ಕರ ಹೂಡುವ ಹಳೇ ಬೈಕು: ಮೊದಲು ಗಡಿಯಾರ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ

ಬೆಳಿಗ್ಗೆ ಎರಡನೇ ಕಿಕ್ಕಿಗೆ ಎದ್ದ ಗಾಡಿ. ಮೂವತ್ತು ಕಿಲೋಮೀಟರ್ ಓಡಿಸಿ, ಹತ್ತು ನಿಮಿಷ ನಿಲ್ಲಿಸಿ, ಮತ್ತೆ ಕಿಕ್ ಹೊಡೆದರೆ ಜಪ್ಪಯ್ಯ ಅಂದರೂ ಇಲ್ಲ. ಬೆವರು ಹರಿಸಿಕೊಂಡು ಮೆಕ್ಯಾನಿಕ್ ಹತ್ತಿರ ತಳ್ಳಿಕೊಂಡು ಹೋಗುವಷ್ಟರಲ್ಲಿ ಎಂಜಿನ್ ತಣ್ಣಗಾಗಿರುತ್ತದೆ. ಅವರು ಒಂದೇ ಕಿಕ್ ಹೊಡೆಯುತ್ತಾರೆ, ಗಾಡಿ ಸ್ಟಾರ್ಟ್! "ಏನೂ ಆಗಿಲ್ವಲ್ಲ" ಅನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಆ ಹೊತ್ತಿಗೆ ನಿಜವಾಗಿಯೂ ಏನೂ ಆಗಿರುವುದಿಲ್ಲ.

ಆಮೇಲೆ ಶುರುವಾಗುವುದು ಬದಲಾಯಿಸುವ ಕೆಲಸ. ಮೊದಲು ಪ್ಲಗ್, ಆಮೇಲೆ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುವ ಕಾಯಿಲ್, ಆಮೇಲೆ ಕಾರ್ಬುರೇಟರ್ ಕಿಟ್, ಅಷ್ಟರಲ್ಲೂ ಹೋಗದಿದ್ದರೆ "ಬೋರ್ ಮಾಡಿಸೋಣ", ಅಂದರೆ ಸಿಲಿಂಡರನ್ನೇ ಕೊರೆಸೋಣ. ಇದು ರೋಗ ಪತ್ತೆಯಲ್ಲ, ಲಾಟರಿ. ಇವತ್ತು ನಾನು ಹೇಳುವುದರ ತಿರುಳು ಇಷ್ಟೇ: ಬಿಸಿಯಲ್ಲಿ ಬರುವ ದೋಷವನ್ನು ಬಿಸಿಯಲ್ಲೇ ಹಿಡಿಯಬೇಕು. ಗಾಡಿ ನಿಂತ ಜಾಗದಲ್ಲಿ, ನಿಂತ ಮೊದಲ ಐದು ನಿಮಿಷದಲ್ಲಿ ನೀವು ನೋಡುವ ಮೂರು ನಾಲ್ಕು ಸಂಗತಿಗೆ ಇರುವ ಬೆಲೆ, ಮರುದಿನ ತಣ್ಣನೆಯ ಎಂಜಿನ್ ಮೇಲೆ ಮಾಡುವ ಇಡೀ ದಿನದ ಪರೀಕ್ಷೆಗೆ ಇಲ್ಲ.

ಅದಕ್ಕೂ ಮೊದಲು ಗಡಿಯಾರ. ಗಾಡಿ ಯಾವಾಗ ಕೈಕೊಡುತ್ತದೆ, ಎಷ್ಟು ಹೊತ್ತಿಗೆ ಸರಿಹೋಗುತ್ತದೆ ಅನ್ನುವುದೇ ಅರ್ಧ ಉತ್ತರ.

ಓಡುತ್ತಿದ್ದಾಗಲೇ ಸುಸ್ತಾದ ಹಾಗೆ ಎಳೆತ ಕಳೆದುಕೊಂಡು ನಿಲ್ಲುತ್ತದೆ, ಎರಡು ಮೂರು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್ ಆಗಿ ಇನ್ನೊಂದಿಷ್ಟು ದೂರ ಹೋಗುತ್ತದೆ. ಇದು ಪೆಟ್ರೋಲ್ ಸಾಲದೆ ಹೋಗುವ ಲಕ್ಷಣ. ಕಾರ್ಬುರೇಟರ್ ಕೆಳಗಿನ ಪೆಟ್ರೋಲ್ ಬಟ್ಟಲು, ಅಂದರೆ ಫ್ಲೋಟ್ ಬೌಲ್, ಖಾಲಿಯಾದದ್ದು ಮತ್ತೆ ತುಂಬಲು ಆ ಎರಡು ಮೂರು ನಿಮಿಷ ಬೇಕು, ಅಷ್ಟೇ.

ಓಡುತ್ತಿದ್ದಾಗ ಸ್ವಿಚ್ ಆಫ್ ಮಾಡಿದ ಹಾಗೆ ತಟ್ಟನೆ ನಿಲ್ಲುತ್ತದೆ, ಅಥವಾ ಮಿಸ್ಸಿಂಗ್ ಶುರುವಾಗಿ ನಿಲ್ಲುತ್ತದೆ, ಅರ್ಧ ಗಂಟೆ ಮುಕ್ಕಾಲು ಗಂಟೆ ಬಿಟ್ಟರೆ ಏನೂ ಆಗಿಲ್ಲದ ಹಾಗೆ ಓಡುತ್ತದೆ. ಇಲ್ಲಿ ಮೊದಲ ಅನುಮಾನ ಕರೆಂಟ್ ಮೇಲೆ. ಅಂದರೆ ಕಾಯಿಲ್, ಕಿಡಿ ಯಾವಾಗ ಹಾರಬೇಕು ಅಂತ ತಿಳಿಸುವ ಪಿಕ್‌ಅಪ್, ಕಂಡೆನ್ಸರ್, ಇಲ್ಲವೇ ಪ್ಲಗ್ ಕ್ಯಾಪ್.

ಓಡುವಾಗ ಒಂದಿಷ್ಟೂ ತೊಂದರೆಯಿಲ್ಲ. ಆಫ್ ಮಾಡಿ ಅರ್ಧ ನಿಮಿಷದಲ್ಲಿ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಒಂದು ಗಂಟೆ ಬಿಟ್ಟು ಬಂದರೂ ಆಗುತ್ತದೆ. ನಡುವಿನ ಹತ್ತು ಇಪ್ಪತ್ತು ನಿಮಿಷದಲ್ಲಿ ಮಾತ್ರ ಹಟ. ಇದು ಕಾರ್ಬುರೇಟರ್‌ನಲ್ಲಿ ಪೆಟ್ರೋಲ್ ಕುದಿಯುವುದು.

ಇನ್ನೊಂದು ಬಗೆ ಸದ್ದಿಲ್ಲದೆ ಬರುತ್ತದೆ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತದೆ. ಮೊದಲು ಬಿಸಿಯಲ್ಲಿ ನಾಲ್ಕು ಕಿಕ್, ಆಮೇಲೆ ಎಂಟು, ಆಮೇಲೆ ಐಡ್ಲಿಂಗ್ ನಿಲ್ಲುವುದಿಲ್ಲ, ಕಿಕ್ ಲಿವರ್ ಕಾಲಿಗೆ ಹಗುರ ಅನ್ನಿಸುತ್ತದೆ. ಇದು ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡದ ಕತೆ. ಹೆಚ್ಚಿನ ಸಲ ಟ್ಯಾಪೆಟ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವೆ ಬಿಟ್ಟಿರುವ ಅಂತರ.

ಈಗ ರಸ್ತೆ ಬದಿಯ ಕೆಲಸ. ಗಾಡಿಯಲ್ಲಿ ಇರಬೇಕಾದ್ದು ಹೆಚ್ಚೇನಲ್ಲ. ಪ್ಲಗ್ ಸ್ಪ್ಯಾನರ್, ಒಂದು ಒಳ್ಳೆಯ ಹೊಸ ಪ್ಲಗ್, ಪರೀಕ್ಷೆಗೆಂದೇ ಇಟ್ಟುಕೊಂಡ ಒಂದು ಹಳೇ ಪ್ಲಗ್, ಒಂದು ಸಣ್ಣ ಮಲ್ಟಿಮೀಟರ್, ದಪ್ಪನೆಯ ಬಟ್ಟೆ. ಪರೀಕ್ಷೆಯ ಪ್ಲಗ್ಗನ್ನು ಸ್ವಲ್ಪ ತಯಾರು ಮಾಡಬೇಕು. ಇಲ್ಲಿ ನೋಡಿ, ಬಾಗಿಕೊಂಡಿರುವ ಹೊರಗಿನ ಕಡ್ಡಿಯನ್ನು ಗರಗಸದಿಂದ ಕೊಯ್ದು ತೆಗೆದಿದೆ. ಈಗ ಕಿಡಿ ನಡುವಿನ ಕಡ್ಡಿಯಿಂದ ಸುತ್ತಲಿನ ಲೋಹಕ್ಕೆ ಹಾರಬೇಕು. ಯಾಕೆ ಹೀಗೆ? ಮಾಮೂಲಿ ಪ್ಲಗ್ಗಿನ 0.6–0.7 ಮಿ.ಮೀ. ಅಂತರವನ್ನು ಹೊರಗಿನ ಗಾಳಿಯಲ್ಲಿ ಸತ್ತುಹೋಗುತ್ತಿರುವ ಕಾಯಿಲ್ ಕೂಡ ಹಾರಿಸಿ ತೋರಿಸುತ್ತದೆ. ಸಿಲಿಂಡರ್ ಒಳಗೆ ಗಾಳಿ ಒತ್ತಿ ಕೂತಿರುತ್ತದೆ. ಅಲ್ಲಿ ಅಷ್ಟೇ ಅಂತರ ದಾಟಲು ಎಷ್ಟೋ ಪಟ್ಟು ಹೆಚ್ಚು ವೋಲ್ಟೇಜ್ ಬೇಕು. "ಪ್ಲಗ್ ಬಿಚ್ಚಿ ನೋಡಿದೆ, ಕರೆಂಟ್ ಬರ್ತಾ ಇದೆ" ಅನ್ನುವ ಮಾತು ಎಷ್ಟೋ ಜನರನ್ನು ಕಾರ್ಬುರೇಟರ್ ಬಿಚ್ಚುವ ದಾರಿಗೆ ತಳ್ಳಿದೆ.

ಗಾಡಿ ನಿಂತ ಕೂಡಲೇ ಮೊದಲ ಕೆಲಸ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆಯಿರಿ, ಕಿವಿಗೊಟ್ಟು ಕೇಳಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದರೆ, ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿದೆ. ಪೆಟ್ರೋಲ್ ಇಳಿದಷ್ಟು ಗಾಳಿ ಟ್ಯಾಂಕಿನೊಳಗೆ ಹೋಗಬೇಕು. ಹೋಗದಿದ್ದರೆ ನಿರ್ವಾತವಾಗಿ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಇದು ಬಿಸಿಯ ದೋಷವೇ ಅಲ್ಲ, ಬಿಸಿಯ ವೇಷ ಹಾಕಿಕೊಂಡು ಬರುತ್ತದೆ ಅಷ್ಟೆ. ಇಪ್ಪತ್ತು ಮೂವತ್ತು ನಿಮಿಷ ಓಡಿದ ಮೇಲೆ ಕಾಣಿಸಿಕೊಳ್ಳುವುದರಿಂದ ಎಲ್ಲರೂ "ಹೀಟ್ ಆಗಿ ನಿಂತಿತು" ಅನ್ನುತ್ತಾರೆ. ಟ್ಯಾಂಕ್ ಕವರ್ ಹಾಕಿಸಿಕೊಂಡು ಆ ತೂತನ್ನು ತಾವೇ ಮುಚ್ಚಿಕೊಂಡವರೂ ಇದ್ದಾರೆ.

ಎರಡನೆಯದು ಕಿಡಿ. ಎಂಜಿನ್‌ನಲ್ಲಿರುವ ಪ್ಲಗ್ಗನ್ನು ಈಗಲೇ ಬಿಚ್ಚಬೇಡಿ, ಕ್ಯಾಪ್ ಮಾತ್ರ ಕಿತ್ತು ಪರೀಕ್ಷೆಯ ಪ್ಲಗ್ಗಿಗೆ ಹಾಕಿ, ಆ ಪ್ಲಗ್ಗಿನ ಲೋಹದ ಮೈ ಸಿಲಿಂಡರ್ ಹೆಡ್ಡಿನ ಬಣ್ಣವಿಲ್ಲದ ಜಾಗಕ್ಕೆ ಗಟ್ಟಿಯಾಗಿ ತಾಗಿರುವಂತೆ ಇಡಿ. ಪ್ಲಗ್ ತೂತು ತೆರೆದಿದ್ದರೆ ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಪಕ್ಕದಲ್ಲೇ ಕಿಡಿ ಹಾರಿದರೆ ಬೆಂಕಿ. ಕ್ಯಾಪನ್ನು ಗಾಳಿಯಲ್ಲಿ ತೂಗುಬಿಟ್ಟು ಕಿಕ್ ಹೊಡೆಯುವುದೂ ತಪ್ಪು. ಕಿಡಿಗೆ ದಾರಿ ಸಿಗದಿದ್ದರೆ ಆ ವೋಲ್ಟೇಜ್ ಕಾಯಿಲ್ ಒಳಗಿನ ನಿರೋಧಕವನ್ನು, ಎಲೆಕ್ಟ್ರಾನಿಕ್ ಇಗ್ನಿಷನ್ ಇದ್ದರೆ ಕಿಡಿಯನ್ನು ನಿಯಂತ್ರಿಸುವ ಸಿಡಿಐ ಪೆಟ್ಟಿಗೆಯನ್ನು ಸೀಳಿಕೊಂಡು ಹೋಗಬಹುದು. ಜೋರಾಗಿ ಕಿಕ್ ಹೊಡೆದಾಗ ಚಟ್ ಚಟ್ ಸದ್ದಿನೊಂದಿಗೆ ನೀಲಿ ಬಿಳಿ ಕಿಡಿ ಹಾರಿದರೆ ಕರೆಂಟ್ ಸರಿ. ಹಳದಿ, ಕೆಂಪು, ದಾರದಂಥ ಕಿಡಿ, ಅಥವಾ ಮೂರಕ್ಕೆ ಒಂದು ಸಲ ಕಿಡಿ ಅಂದರೆ ಕರೆಂಟ್ ಸರಿಯಿಲ್ಲ. ಬಿಸಿಲಿನಲ್ಲಿ ಕಿಡಿ ಕಾಣುವುದಿಲ್ಲ, ಕೈಯಿಂದ ನೆರಳು ಮಾಡಿಕೊಳ್ಳಿ.

ಕಿಡಿ ಚೆನ್ನಾಗಿದ್ದರೆ ಮಾತ್ರ ಮೂರನೆಯದು: ಬಟ್ಟೆ ಹಿಡಿದು ಎಂಜಿನ್‌ನ ಪ್ಲಗ್ ಬಿಚ್ಚಿ. ತುದಿ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆಯುತ್ತಿದ್ದರೆ ಓವರ್‌ಫ್ಲೋ. ಹತ್ತು ಕಿಕ್ ಹೊಡೆದಿದ್ದೀರಿ, ಆದರೂ ಪ್ಲಗ್ ಒಣಗಿದೆ ಅಂದರೆ ಪೆಟ್ರೋಲ್ ಮೇಲೆ ಬಂದಿಲ್ಲ.

ಪ್ಲಗ್ ಬಿಚ್ಚಲು ಆಗದಿದ್ದರೆ ಕೈಯಲ್ಲೇ ಇನ್ನೊಂದು ಪರೀಕ್ಷೆ ಇದೆ. ಚೋಕ್ ಹಾಕದೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆಯಿರಿ. ಕೆಮ್ಮಿ, ಕಪ್ಪು ಹೊಗೆ ಬಿಟ್ಟು ಎದ್ದರೆ ಒಳಗೆ ಪೆಟ್ರೋಲ್ ಹೆಚ್ಚಾಗಿತ್ತು. ಆಗದಿದ್ದರೆ ಆಕ್ಸಿಲರೇಟರ್ ಪೂರ್ತಿ ಬಿಟ್ಟು, ಚೋಕ್ ಹಾಕಿ ಹೊಡೆಯಿರಿ. ಬಿಸಿ ಎಂಜಿನ್ ಚೋಕ್ ಹಾಕಿದಾಗ ಎದ್ದರೆ ಪೆಟ್ರೋಲ್ ಕಡಿಮೆ, ಅಥವಾ ಎಲ್ಲಿಂದಲೋ ಹೆಚ್ಚುವರಿ ಗಾಳಿ ನುಗ್ಗುತ್ತಿದೆ. ಈ ಎರಡರಲ್ಲಿ ಯಾವುದಕ್ಕೆ ಗಾಡಿ ಒಲಿಯಿತು ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಬೆಳಗಿನ ಹೊತ್ತಿನ ಒಂದು ಸುಳಿವನ್ನೂ ಇದರ ಜೊತೆ ಸೇರಿಸಿ. ಚಳಿಯ ಬೆಳಿಗ್ಗೆ ಕೂಡ ಚೋಕ್ ಇಲ್ಲದೆ ಸಲೀಸಾಗಿ ಸ್ಟಾರ್ಟ್ ಆಗುವ ಹಳೇ ಗಾಡಿಯನ್ನು ಜನ ಹೊಗಳುತ್ತಾರೆ. ಬಿಸಿಯಲ್ಲಿ ಹಟ ಮಾಡುವ ಗಾಡಿಗೆ ಆ ಗುಣವೂ ಇದ್ದರೆ ಅದು ಹೊಗಳಿಕೆಯಲ್ಲ, ದೂರು. ಮಿಶ್ರಣದಲ್ಲಿ ಪೆಟ್ರೋಲ್ ಯಾವಾಗಲೂ ಹೆಚ್ಚಿದೆ ಅಂತ ಅರ್ಥ.

ಈಗ ಒಂದೊಂದಾಗಿ ಒಳಗೆ ಹೋಗೋಣ. ಕರೆಂಟ್ ಮೊದಲು, ಯಾಕೆಂದರೆ ಹೆಚ್ಚು ಗೊಂದಲ ಅಲ್ಲೇ.

ತಾಮ್ರದ ತಂತಿ ಬಿಸಿಯಾದರೆ ಅದರ ರೋಧ ಏರುತ್ತದೆ, ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚುಕಡಿಮೆ ಶೇ. 0.39. ಇಪ್ಪತ್ತು ಡಿಗ್ರಿಯಲ್ಲಿ 4 ಓಮ್ ತೋರಿಸುವ ಕಾಯಿಲ್ ನೂರು ಡಿಗ್ರಿಯಲ್ಲಿ ಸುಮಾರು 5.2 ಓಮ್ ತೋರಿಸುತ್ತದೆ. ಇದು ದೋಷವಲ್ಲ, ತಾಮ್ರದ ಸ್ವಭಾವ. ಬಿಸಿಯಲ್ಲಿ ಓಮ್ ಹೆಚ್ಚಾಯಿತು ಅಂತ ಒಳ್ಳೆಯ ಕಾಯಿಲ್ ಎಸೆಯಬೇಡಿ. ನೀವು ಹುಡುಕಬೇಕಾದ್ದು ಎರಡು ವಿಚಿತ್ರ: ಬಿಸಿಯಾದಾಗ ಮೀಟರ್ ಇದ್ದಕ್ಕಿದ್ದಂತೆ ಓಪನ್ ತೋರಿಸುವುದು, ಅಥವಾ ಏರಬೇಕಾದ ರೋಧ ಇಳಿಯುವುದು. ಮೊದಲನೆಯದರಲ್ಲಿ ಕೂದಲಿನಷ್ಟು ಸಣ್ಣ ತಂತಿ ಎಲ್ಲೋ ತುಂಡಾಗಿದೆ. ತಣ್ಣಗಿದ್ದಾಗ ಎರಡು ತುದಿ ಮುಟ್ಟಿಕೊಂಡಿರುತ್ತವೆ, ಬಿಸಿಗೆ ಸುತ್ತಲಿನ ಅಂಟು ಹಿಗ್ಗಿದಾಗ ಬೇರೆಯಾಗುತ್ತವೆ. ಎರಡನೆಯದರಲ್ಲಿ ತಂತಿಯ ಮೇಲಿನ ವಾರ್ನಿಷ್ ಹೋಗಿ ಸುತ್ತುಗಳು ಒಂದಕ್ಕೊಂದು ಶಾರ್ಟ್ ಆಗಿವೆ.

ಇಗ್ನಿಷನ್ ಕಾಯಿಲ್ ಸಾಮಾನ್ಯವಾಗಿ ಟ್ಯಾಂಕಿನ ಕೆಳಗೆ, ಸ್ವಲ್ಪ ಗಾಳಿಯಾಡುವ ಜಾಗದಲ್ಲಿರುತ್ತದೆ. ಪಿಕ್‌ಅಪ್ ಕಾಯಿಲ್, ಸಿಡಿಐಗೆ ವೋಲ್ಟೇಜ್ ಕೊಡುವ ಸೋರ್ಸ್ ಕಾಯಿಲ್ ಇವೆರಡೂ ಎಂಜಿನ್ ತಿರುಗಿದಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್‌ನ ಕವರ್ ಒಳಗೆ, ಎಂಜಿನ್ ಪಕ್ಕದಲ್ಲೇ ಬೇಯುತ್ತಿರುತ್ತವೆ. ಆದ್ದರಿಂದ ಸಿಡಿಐ ಇರುವ ಹಳೇ ಗಾಡಿ ಬಿಸಿಯಲ್ಲಿ ಕರೆಂಟ್ ಕಳೆದುಕೊಂಡರೆ ಅನುಮಾನ ಮೊದಲು ಇವುಗಳ ಮೇಲೆ ಬೀಳಬೇಕು, ಎಲ್ಲರೂ ಮೊದಲು ಬದಲಾಯಿಸುವ ಸಿಡಿಐ ಪೆಟ್ಟಿಗೆ ಮೇಲಲ್ಲ. ಪರೀಕ್ಷೆಗೆ ಕವರ್ ಬಿಚ್ಚಬೇಕಿಲ್ಲ. ಮ್ಯಾಗ್ನೆಟ್‌ನಿಂದ ಬರುವ ತಂತಿಗಳ ಕಪ್ಲರ್ ಸೀಟಿನ ಕೆಳಗೋ ಟ್ಯಾಂಕಿನ ಕೆಳಗೋ ಸಿಗುತ್ತದೆ. ತಣ್ಣಗಿರುವಾಗ, ನಿಮ್ಮ ಗಾಡಿಯ ವೈರಿಂಗ್ ನಕ್ಷೆ ನೋಡಿ, ಯಾವ ಬಣ್ಣದಿಂದ ಯಾವ ಬಣ್ಣಕ್ಕೆ ಎಷ್ಟು ಓಮ್ ಅಂತ ಅಳೆದು ಒಂದು ಚೀಟಿಯಲ್ಲಿ ಬರೆದು ಸೀಟಿನ ಕೆಳಗೆ ಅಂಟಿಸಿಡಿ. ಗಾಡಿ ನಿಂತ ದಿನ ಅದೇ ಜಾಗದಲ್ಲಿ ಮತ್ತೆ ಅಳೆಯಿರಿ. ಆ ಚೀಟಿ ಇಲ್ಲದಿದ್ದರೆ ರಸ್ತೆ ಬದಿಯಲ್ಲಿ ಮೀಟರ್ ತೋರಿಸುವ ಅಂಕಿ ಬರೀ ಅಂಕಿ.

ಇಗ್ನಿಷನ್ ಕಾಯಿಲ್ ಮನೆಯಲ್ಲೇ ಪರೀಕ್ಷಿಸಬಹುದು. ಬಿಚ್ಚಿ, ಕೂದಲು ಒಣಗಿಸುವ ಡ್ರೈಯರ್‌ನಿಂದ ಹತ್ತು ನಿಮಿಷ ಬಿಸಿ ಮಾಡಿ ಅಳೆಯಿರಿ. ಪ್ರೈಮರಿ (ಕಾಯಿಲ್‌ನ ಕಡಿಮೆ ವೋಲ್ಟೇಜಿನ ಸುತ್ತು), ಪಾಯಿಂಟ್ (ಕರೆಂಟ್ ಕಡಿದು ಕಿಡಿ ಹುಟ್ಟಿಸುವ ಸ್ವಿಚ್) ಇರುವ 12 ವೋಲ್ಟ್ ಬ್ಯಾಟರಿ ಗಾಡಿಯಲ್ಲಿ ಸಾಮಾನ್ಯವಾಗಿ 3ರಿಂದ 5 ಓಮ್, ಸಿಡಿಐ ಗಾಡಿಯಲ್ಲಿ ಹೆಚ್ಚಾಗಿ ಒಂದು ಓಮ್‌ಗೂ ಕಡಿಮೆ. ಪ್ಲಗ್ ಕಡೆಯ ಸುತ್ತು, ಅಂದರೆ ಸೆಕೆಂಡರಿ, ಸಾವಿರಗಟ್ಟಲೆ ಓಮ್ ಇರುತ್ತದೆ, ಅದನ್ನು ಪ್ಲಗ್ ಕ್ಯಾಪ್ ತೆಗೆದು ಅಳೆಯಬೇಕು. ಕ್ಯಾಪ್ ಒಳಗೇ ಒಂದು ರೆಸಿಸ್ಟರ್ ಇರುತ್ತದೆ, ಸಾಮಾನ್ಯವಾಗಿ 5 ಕಿಲೋ ಓಮ್. ಅದನ್ನು ಬೇರೆಯಾಗಿ ನೋಡಿ. ಎಷ್ಟೋ ಸಲ ಕಳ್ಳ ಅಲ್ಲೇ ಕೂತಿರುತ್ತಾನೆ: ಒಳಗಿನ ರೆಸಿಸ್ಟರ್ ಸುಟ್ಟು ಲಕ್ಷಗಟ್ಟಲೆ ಓಮ್ ಆಗಿರುತ್ತದೆ. ಕ್ಯಾಪನ್ನು ತಂತಿಯಿಂದ ಸ್ಕ್ರೂ ತಿರುಗಿಸಿದ ಹಾಗೆ ಬಿಚ್ಚಿ, ತಂತಿಯ ತುದಿ ಐದು ಮಿ.ಮೀ. ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಮತ್ತೆ ತಿರುಗಿಸಿ ಕೂರಿಸಿ. ಇಷ್ಟರಲ್ಲೇ ಸರಿಹೋದ ಗಾಡಿಗಳಿವೆ.

ಒಂದು ಎಚ್ಚರಿಕೆ. ಮೀಟರ್ ಒಳಗಿನ ಬ್ಯಾಟರಿ ಕೆಲವೇ ವೋಲ್ಟಿನದು. ಕಾಯಿಲ್ ಕೆಲಸ ಮಾಡುವುದು ಸಾವಿರಾರು ವೋಲ್ಟಿನಲ್ಲಿ. ಮೀಟರ್ ಸರಿ ಅಂದ ಕಾಯಿಲ್ ಕೆಲಸದಲ್ಲಿ ಒಳಗೊಳಗೇ ಕಿಡಿ ಸೋರಿಸಿಕೊಳ್ಳಬಹುದು. ಅಂಥ ಅನುಮಾನಕ್ಕೆ ಮೀಟರಿಗಿಂತ ಒದ್ದೆ ಬಟ್ಟೆ ಮೇಲು. ಗಾಡಿ ನಿಂತಿದೆ, ಕಿಡಿ ಇಲ್ಲ. ಕಾಯಿಲ್ ಮೇಲೆ ಮಾತ್ರ ತಣ್ಣೀರಿನ ಬಟ್ಟೆ ಸುತ್ತಿ ಐದು ನಿಮಿಷ ಬಿಡಿ. ನೀರು ತಂತಿ ಸೇರಿಸಿದ ಜಾಗಕ್ಕೆ ಇಳಿಯದಂತೆ ಬಟ್ಟೆಯನ್ನು ಚೆನ್ನಾಗಿ ಹಿಂಡಿರಬೇಕು. ಎಂಜಿನ್ ಇನ್ನೂ ಸುಡುತ್ತಿರುವಾಗಲೇ ಕಿಡಿ ಮರಳಿ ಬಂದರೆ ಅಪರಾಧಿ ಸಿಕ್ಕಿದ. ಇಡೀ ಗಾಡಿ ಬಿಸಿ, ಒಂದು ಭಾಗ ಮಾತ್ರ ತಣ್ಣಗೆ. ಈ ಉಪಾಯ ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಪಾಯಿಂಟ್ ಇರುವ ಗಾಡಿಯವರಿಗೆ ಕಂಡೆನ್ಸರ್. ಹೆಬ್ಬೆರಳಿನಷ್ಟು ತಗಡಿನ ಡಬ್ಬಿ, ಅದರ ಧಾರಕತ್ವ ಸಾಮಾನ್ಯವಾಗಿ 0.2–0.3 ಮೈಕ್ರೋಫ್ಯಾರಡ್. ಪಾಯಿಂಟ್ ಬಿಚ್ಚಿಕೊಳ್ಳುವ ಕ್ಷಣದಲ್ಲಿ ಅಲ್ಲೇ ಕಿಡಿ ಹಾರಿ ಕರೆಂಟ್ ವ್ಯರ್ಥವಾಗದಂತೆ ತಡೆಯುವುದು ಇದರ ಕೆಲಸ. ಆ ತಡೆ ಎಷ್ಟು ಚುರುಕಾಗಿರುತ್ತದೋ ಪ್ಲಗ್ಗಿನ ಕಿಡಿ ಅಷ್ಟು ಬಲ. ಒಳಗಿನ ನಿರೋಧಕ ಹಳೆಯದಾದರೆ ಬಿಸಿಯಲ್ಲಿ ಸೋರುತ್ತದೆ. ಗುರುತು ಹೀಗಿದೆ: ಪಾಯಿಂಟ್ ಕವರ್ ತೆಗೆದು ನೆರಳಿನಲ್ಲಿ ಕಿಕ್ ಹೊಡೆದು ನೋಡಿ. ಪಾಯಿಂಟ್ ನಡುವೆ ಸಣ್ಣ ಚುಕ್ಕೆಯಂಥ ನೀಲಿ ಮಿಣುಕು ಇರಬಹುದು. ಹಳದಿ ಬಣ್ಣದ ಕೊಬ್ಬಿದ ಕಿಡಿ ಕಂಡರೆ ಕಂಡೆನ್ಸರ್ ಹೋಗಿದೆ. ಪಾಯಿಂಟ್ ಮುಖವೇ ಸಾಕ್ಷಿ ಹೇಳುತ್ತದೆ. ಈ ಜೋಡಿಯನ್ನು ಹತ್ತಿರದಿಂದ ನೋಡಿ: ಒಂದು ಮುಖದಲ್ಲಿ ಕುಳಿ, ಎದುರಿನದರಲ್ಲಿ ಅದೇ ಅಳತೆಯ ಗುಬುಟು. ಒಂದರ ಲೋಹ ಕರಗಿ ಇನ್ನೊಂದಕ್ಕೆ ಅಂಟಿದೆ. ಇದನ್ನು ಅರದಿಂದ ಉಜ್ಜಿ ಸಮ ಮಾಡಿದರೆ ಒಂದು ವಾರ ಓಡಬಹುದು, ಕಾರಣ ಹಾಗೇ ಉಳಿಯುತ್ತದೆ.

ಕಂಡೆನ್ಸರ್ ಅನುಮಾನ ಬಂದರೆ ಹಳೆಯದರ ತಂತಿ ಬಿಚ್ಚಿ, ಹೊಸದನ್ನು ಹೊರಗೇ ಪಾಯಿಂಟ್ ತಂತಿಗೂ ಚಾಸಿಗೂ ನಡುವೆ ಜೋಡಿಸಿ ಒಂದು ಸುತ್ತು ಓಡಿಸಿ. ಅಂದಹಾಗೆ, ಅದನ್ನು ಬಿಸಿ ಪ್ಲೇಟಿನಿಂದ ಶಾಶ್ವತವಾಗಿ ಹೊರಗೆ, ಕಾಯಿಲ್ ಪಕ್ಕಕ್ಕೆ ತಂದರೂ ತಪ್ಪೇನಿಲ್ಲ. ಅದೇ ತಂತಿಗೆ ಸೇರಿರಬೇಕು, ಡಬ್ಬಿಯ ಮೈ ಚಾಸಿಗೆ ಗಟ್ಟಿಯಾಗಿ ಕೂತಿರಬೇಕು, ಅಷ್ಟೆ. ಪಾಯಿಂಟ್ ಅಂತರ ಸಾಮಾನ್ಯವಾಗಿ 0.3–0.4 ಮಿ.ಮೀ. ಕ್ಯಾಮ್ ಮೇಲೆ ಗ್ರೀಸ್ ಒಣಗಿದ್ದರೆ ಪಾಯಿಂಟಿನ ಹಿಮ್ಮಡಿ ಸವೆದು ಅಂತರ ಮುಚ್ಚುತ್ತಾ ಬರುತ್ತದೆ, ಕಿಡಿಯ ಟೈಮಿಂಗ್ ಹಿಂದೆ ಬೀಳುತ್ತದೆ, ಎಂಜಿನ್ ಇನ್ನಷ್ಟು ಬಿಸಿಯಾಗುತ್ತದೆ. ಇದಕ್ಕೆ ವಿರುದ್ಧವಾಗಿ, ಬಿಸಿಯಲ್ಲಿ ಕಿಕ್ ಲಿವರ್ ಕಾಲಿಗೆ ವಾಪಸ್ ಹೊಡೆಯುತ್ತಿದ್ದರೆ, ವೇಗ ಏರಿದಂತೆ ಕಿಡಿಯನ್ನು ಮುಂಚೆ ತರುವ ಅಡ್ವಾನ್ಸ್ ತೂಕಗಳು ಹೊರಕ್ಕೆ ಸರಿದು ಅಲ್ಲೇ ಸಿಕ್ಕಿಕೊಂಡಿರಬಹುದು. ಸ್ಪ್ರಿಂಗ್ ನೋಡಿ.

ಪ್ಲಗ್ ಬಗ್ಗೆ ಒಂದೇ ಮಾತು. ಪ್ಲಗ್ ಎಷ್ಟು ಬೇಗ ಕಾವು ಬಿಟ್ಟುಕೊಡುತ್ತದೆ ಅನ್ನುವ ಹೀಟ್ ರೇಂಜ್ ಸಂಖ್ಯೆ ಎಲ್ಲ ಕಂಪನಿಗೂ ಒಂದೇ ದಿಕ್ಕಿನಲ್ಲಿಲ್ಲ. ಎನ್‌ಜಿಕೆ, ಡೆನ್ಸೊದಲ್ಲಿ ಸಂಖ್ಯೆ ಏರಿದಷ್ಟೂ ತಣ್ಣನೆಯ ಪ್ಲಗ್. ಬಾಷ್, ಚಾಂಪಿಯನ್‌ನಲ್ಲಿ ಸಂಖ್ಯೆ ಏರಿದಷ್ಟೂ ಬಿಸಿ ಪ್ಲಗ್. ಒಂದು ಕಂಪನಿಯದರ ಬದಲು ಇನ್ನೊಂದನ್ನು ಹಾಕುವಾಗ ಸಂಖ್ಯೆ ನೋಡಿ ಊಹಿಸಬೇಡಿ, ಹೋಲಿಕೆ ಪಟ್ಟಿ ನೋಡಿ.

ಇನ್ನು ಪೆಟ್ರೋಲ್. ಪೆಟ್ರೋಲ್ ಒಂದೇ ದ್ರವವಲ್ಲ, ಹಲವು ಸೇರಿದ ಮಿಶ್ರಣ. ಅದರ ಹಗುರವಾದ ಅಂಶಗಳು 35–40 ಡಿಗ್ರಿಗೇ ಕುದಿಯಲು ಶುರು. ಗಾಡಿ ಓಡುವಾಗ ಗಾಳಿ ಬೀಸುತ್ತದೆ, ತಣ್ಣನೆಯ ಪೆಟ್ರೋಲ್ ಸತತವಾಗಿ ಬಂದು ಹೋಗುತ್ತದೆ, ಆವಿಯಾಗುವ ಪೆಟ್ರೋಲ್ ತಾನೇ ಕಾರ್ಬುರೇಟರನ್ನು ತಂಪು ಮಾಡುತ್ತದೆ. ಆಫ್ ಮಾಡಿದ ಕ್ಷಣ ಈ ಮೂರೂ ನಿಲ್ಲುತ್ತವೆ. ಸಿಲಿಂಡರ್ ಹೆಡ್ಡಿನ ಕಾವು ಮಾತ್ರ ಮ್ಯಾನಿಫೋಲ್ಡ್ ಹಿಡಿದು ಕಾರ್ಬುರೇಟರಿಗೆ ಹರಿಯುತ್ತಲೇ ಇರುತ್ತದೆ. ಹಾಗಾಗಿ ಕಾರ್ಬುರೇಟರ್ ಅತಿ ಬಿಸಿಯಾಗುವುದು ಓಡುವಾಗಲ್ಲ, ನಿಲ್ಲಿಸಿ ಹತ್ತು ಹದಿನೈದು ನಿಮಿಷದ ಮೇಲೆ. ಆಗ ಬೌಲ್‌ನಲ್ಲಿ ಪೆಟ್ರೋಲ್ ಕುದಿದು ಜೆಟ್ ಮೂಲಕ ಉಕ್ಕಿ ಇನ್ಲೆಟ್ ದಾರಿಗೆ ಸುರಿಯುತ್ತದೆ. ನೀವು ಬಂದು ಕಿಕ್ ಹೊಡೆದರೆ ಪ್ಲಗ್ ಒದ್ದೆ. ಇನ್ನೂ ಹೆಚ್ಚು ಕುದಿದರೆ ಬೌಲ್ ಅರ್ಧ ಖಾಲಿ, ಆಗ ಪ್ಲಗ್ ಒಣ. ಒಂದೇ ಕಾರಣಕ್ಕೆ ಎರಡು ವಿರುದ್ಧ ಲಕ್ಷಣ! ಪ್ಲಗ್ ಒದ್ದೆಯೋ ಒಣಗಿದೆಯೋ ಅನ್ನುವುದರ ಜೊತೆಗೆ ಗಡಿಯಾರವನ್ನೂ ನೋಡಿ ಅಂದದ್ದು ಇದಕ್ಕೇ.

ಇದನ್ನು ತಡೆಯಲೆಂದೇ ಕಾರ್ಬುರೇಟರಿಗೂ ಹೆಡ್ಡಿಗೂ ನಡುವೆ ಒಂದು ತುಂಡು ಇಟ್ಟಿರುತ್ತಾರೆ. ಇದೇ ಅದು, ಕಂದು ಬಣ್ಣದ ಬೇಕಲೈಟ್ ಬಿಲ್ಲೆ. ಎರಡು ಬೋಲ್ಟ್ ತೂತು, ನಡುವೆ ದೊಡ್ಡ ತೂತು, ಸುತ್ತ ರಬ್ಬರಿನ ಓ ರಿಂಗ್ ಕೂರುವ ತೋಡು. ನೋಡಲು ಏನೂ ಅಲ್ಲ. ಸರ್ವಿಸ್ ಮಾಡುವಾಗ ಬಿರುಕು ಬಿಟ್ಟಿತ್ತು ಅಂತಲೋ, ಓ ರಿಂಗ್ ಸಿಗಲಿಲ್ಲ ಅಂತಲೋ ಇದನ್ನು ತೆಗೆದು, ಅದೇ ಆಕಾರದ ಅಲ್ಯೂಮಿನಿಯಂ ತುಂಡು ಮಾಡಿಸಿ ಹಾಕಿರುತ್ತಾರೆ. ಕೆಲಸ ಅಂದವಾಗಿ ಕಾಣುತ್ತದೆ, ಕಾವು ನೇರ ಕಾರ್ಬುರೇಟರಿಗೆ ಹರಿಯುತ್ತದೆ. ಹಳೇ ಗಾಡಿ ಕೊಂಡವರು ಮೊದಲು ಇಲ್ಲಿ ಇಣುಕಿ ನೋಡಬೇಕು. ಇದರ ದಪ್ಪವನ್ನೂ ಮೂಲದಷ್ಟೇ ಇಡಿ.

ಪೆಟ್ರೋಲ್ ಪೈಪಿನ ದಾರಿಯೂ ಮುಖ್ಯ. ಸಿಲಿಂಡರ್ ರೆಕ್ಕೆಗಳಿಗೆ ತಾಗಿರಬಾರದು, ನಡುವೆ ಮೇಲೆದ್ದು ಮತ್ತೆ ಇಳಿಯುವ ಗೂನು ಇರಬಾರದು. ಆ ಗೂನಿನಲ್ಲಿ ಆವಿಯ ಗುಳ್ಳೆ ಕೂತರೆ ಟ್ಯಾಂಕಿನ ಎತ್ತರದ ಒತ್ತಡ ಅದನ್ನು ತಳ್ಳಲಾರದು. ಪಂಪ್ ಇರುವ ಗಾಡಿಗೆಂದು ಮಾಡಿದ ಕಾಗದದ ಫಿಲ್ಟರನ್ನು ನಡುವೆ ಸೇರಿಸುವುದು ಇನ್ನೊಂದು ಹವ್ಯಾಸ. ಬರೀ ಭಾರದಿಂದ ಇಳಿಯುವ ಪೆಟ್ರೋಲ್‌ಗೆ ಅದು ಅಡ್ಡಗೋಡೆ. ಹರಿವು ನೋಡಲು ಕಾರ್ಬುರೇಟರ್ ಹತ್ತಿರ ಪೈಪ್ ಕಿತ್ತು, ಅಳತೆ ಗುರುತಿರುವ ಬಾಟಲಿಗೆ ಒಂದು ನಿಮಿಷ ಬಿಡಿ. ಇದನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬೆಂಕಿಯಿಂದ ದೂರ ಮಾಡಿ. ಬಿಸಿಯಲ್ಲೇ ಮಾಡಬೇಕು ಅನ್ನುವ ನಿಯಮಕ್ಕೆ ಇದು ಅಪವಾದ. ಗಂಟೆಗೆ ನಾಲ್ಕು ಲೀಟರ್ ಕುಡಿಯುವಷ್ಟು ಜೋರಾಗಿ ಓಡಿಸಿದರೂ ನಿಮಿಷಕ್ಕೆ ಬೇಕಾಗುವುದು 70 ಮಿ.ಲೀ. ಒಳಗೆ. 150–200 ಮಿ.ಲೀ. ಬಂದರೆ ನಿಶ್ಚಿಂತೆ. ಮೊದಲು ಧಾರೆಯಾಗಿ ಬಂದು ಆಮೇಲೆ ತೊಟ್ಟಿಕ್ಕಲು ಶುರುವಾದರೆ ಮುಚ್ಚಳದ ತೂತು, ಇಲ್ಲವೇ ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ಒಳಗಿನ ಜಾಲರಿ.

ಇಂಧನದಲ್ಲೂ ವ್ಯತ್ಯಾಸವಿದೆ. ಹತ್ತು ಶೇಕಡಾ ಎಥನಾಲ್ ಬೆರೆತಾಗ ಪೆಟ್ರೋಲ್‌ನ ಆವಿ ಒತ್ತಡ ಏರುತ್ತದೆ, ಅಂದರೆ ಇನ್ನೂ ಬೇಗ ಆವಿಯಾಗುತ್ತದೆ. ಆ ಗಾಡಿಯ ಕಾಲದ ರಬ್ಬರ್ ಭಾಗಗಳು ಅದಕ್ಕೆ ಉಬ್ಬುವುದೂ ಉಂಟು.

ಪೆಟ್ರೋಲ್ ಹೆಚ್ಚಾಗುವ ಕಡೆ ನೋಡುವುದಾದರೆ ಮೊದಲು ಚೋಕ್. ಪ್ಲಂಜರ್ ಇರುವ ಬಗೆಯಲ್ಲಿ ಅದರ ತುದಿಯಲ್ಲಿ ಸಣ್ಣ ರಬ್ಬರ್ ಬಿಲ್ಲೆ ಇರುತ್ತದೆ. ಅದು ಬಿರಿದಿದ್ದರೆ, ಅಥವಾ ಚೋಕ್ ಕೇಬಲ್‌ನಲ್ಲಿ ಎರಡು ಮೂರು ಮಿ.ಮೀ. ಸಡಿಲ ಇಲ್ಲದೆ ಪ್ಲಂಜರ್ ಪೂರ್ತಿ ಕೆಳಗೆ ಕೂರದಿದ್ದರೆ, ಚೋಕ್ ಆಫ್ ಮಾಡಿದರೂ ಅರ್ಧ ಆನ್ ಇದ್ದ ಹಾಗೆ. ಆಮೇಲೆ ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ. ಮೊನೆಯಲ್ಲಿ ಉಂಗುರದಂಥ ಸವೆತ ಉಗುರಿಗೆ ಸಿಕ್ಕಿದರೆ ಬದಲಾಯಿಸಿ. ಫ್ಲೋಟನ್ನು ಕಿವಿ ಹತ್ತಿರ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಸದ್ದು ಬಂದರೆ ತೂತಾಗಿದೆ. ಬೌಲ್‌ನ ಡ್ರೈನ್ ತೂತಿಗೆ ಪಾರದರ್ಶಕ ಟ್ಯೂಬ್ ಹಾಕಿ ಕಾರ್ಬುರೇಟರ್ ಪಕ್ಕದಲ್ಲೇ ಮೇಲಕ್ಕೆ ಹಿಡಿದರೆ ಒಳಗಿನ ಮಟ್ಟ ಕಣ್ಣಿಗೇ ಕಾಣುತ್ತದೆ, ಬಿಚ್ಚುವ ರಗಳೆಯಿಲ್ಲ.

ಗಾಳಿ ನುಗ್ಗುವ ಕಡೆ ನೋಡುವುದಾದರೆ ಇನ್ಲೆಟ್ ರಬ್ಬರ್. ತಣ್ಣಗಿದ್ದಾಗ ಮುಚ್ಚಿಕೊಂಡಿರುವ ಬಿರುಕು ಬಿಸಿಗೆ ಬಾಯಿ ಬಿಡುತ್ತದೆ. ಐಡ್ಲಿಂಗ್ ಬಿಸಿಯಾದಷ್ಟೂ ತಾನಾಗಿ ಏರುತ್ತಿದ್ದರೆ ಇಲ್ಲಿ ನೋಡಿ. ಕಾರ್ಬುರೇಟರ್ ಸ್ಪ್ರೇ ಹೊಡೆದು ಪತ್ತೆ ಮಾಡುವವರಿದ್ದಾರೆ. ಸುಡುವ ಎಂಜಿನ್ ಮೇಲೆ ಹೊತ್ತಿಕೊಳ್ಳುವ ಸ್ಪ್ರೇ ಬೇಡ. ಬ್ರಷ್‌ನಿಂದ ದಪ್ಪ ಎಂಜಿನ್ ಆಯಿಲ್ ಹಚ್ಚಿ, ಐಡ್ಲಿಂಗ್ ಬದಲಾದರೆ ಬಿರುಕು ಅಲ್ಲಿದೆ.

ಟ್ಯಾಪೆಟ್ ವಿಷಯಕ್ಕೆ ಬರೋಣ. ಈ ಕಾಗದ ನೋಡಿ, ಪ್ರಿಂಟರಿಗೆ ಹಾಕುವ ಮಾಮೂಲಿ ಹಾಳೆ. ದಪ್ಪ ಸುಮಾರು 0.1 ಮಿ.ಮೀ. ಗಾಳಿಯಿಂದ ತಣಿಯುವ ಎಷ್ಟೋ ಸಣ್ಣ ಎಂಜಿನ್‌ಗಳಲ್ಲಿ ಟ್ಯಾಪೆಟ್ ಅಂತರ ಹೆಚ್ಚೆಂದರೆ ಇಷ್ಟೇ. ಹೊಗೆ ಕಡೆಯ ವಾಲ್ವ್ ಉರಿಯುವ ಅನಿಲದ ದಾರಿಯಲ್ಲೇ ನಿಂತಿರುವುದರಿಂದ ಹೆಚ್ಚು ಹಿಗ್ಗುತ್ತದೆ. ವಾಲ್ವ್ ತನ್ನ ಸೀಟಿನೊಳಗೆ ಸವೆದು ಮೇಲೆ ಮೇಲೆ ಹೋದ ಹಾಗೆಲ್ಲ ಈ ಅಂತರ ಕರಗುತ್ತದೆ. ಒಂದು ದಿನ ಬಿಸಿಯಲ್ಲಿ ಅಂತರ ಸೊನ್ನೆಯಾಗಿ ವಾಲ್ವ್ ಪೂರ್ತಿ ಕೂರುವುದಿಲ್ಲ, ಕಂಪ್ರೆಷನ್ ಸೋರುತ್ತದೆ. ತಣ್ಣಗಾದರೆ ಮತ್ತೆ ಕೂರುತ್ತದೆ. ಹೀಗೇ ಬಿಟ್ಟರೆ ಸೀಟಿಗೆ ತಾಗಿ ಕಾವು ಇಳಿಸಿಕೊಳ್ಳಲಾಗದ ವಾಲ್ವ್ ಅಂಚು ಸುಟ್ಟುಹೋಗುತ್ತದೆ.

ತಮಾಷೆಯೆಂದರೆ ಟ್ಯಾಪೆಟ್ ಬಿಗಿಯಾದಷ್ಟೂ ಎಂಜಿನ್ ಸದ್ದು ಕಡಿಮೆ. "ಗಾಡಿ ಎಷ್ಟು ಸೈಲೆಂಟ್" ಅಂತ ಮಾಲೀಕರು ಖುಷಿಪಡುತ್ತಿರುತ್ತಾರೆ. ಟಿಕ್ ಟಿಕ್ ಅನ್ನುತ್ತಿದ್ದದ್ದು ಯಾರೂ ಮುಟ್ಟದೆ ತಾನಾಗಿ ನಿಂತರೆ ಖುಷಿಪಡಬೇಡಿ, ಫೀಲರ್ ಗೇಜ್ ತೆಗೆಯಿರಿ.

ಅಳೆಯುವುದು ಮಾತ್ರ ಪೂರ್ತಿ ತಣ್ಣಗಾದ ಎಂಜಿನ್ ಮೇಲೆ, ರಾತ್ರಿಯಿಡೀ ನಿಂತಿರಬೇಕು. ಪ್ಲಗ್ ತೆಗೆದು, ಪಿಸ್ಟನ್ ಮೇಲೆ ಬರುವ ಟಿ ಗುರುತಿಗೆ ತಂದು, ವಾಲ್ವ್ ಒತ್ತುವ ಎರಡೂ ರಾಕರ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಒಂದು ಬಿಗಿಯಾಗಿದ್ದರೆ ನೀವು ತಪ್ಪು ಸುತ್ತಿನಲ್ಲಿದ್ದೀರಿ. ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಈ ಒಂದು ತಪ್ಪಿನಿಂದಲೇ ಟ್ಯಾಪೆಟ್ ಸೆಟ್ ಮಾಡಿದ ಮೇಲೆ ಗಾಡಿ ಇನ್ನೂ ಕೆಟ್ಟದ್ದುಂಟು. ಎರಡೂ ಸುತ್ತಿನ ಟಿ ಗುರುತಿನಲ್ಲಿ ನೋಡಿದರೂ ಒಂದು ಅಲ್ಲಾಡದಿದ್ದರೆ ಅಂತರ ನಿಜವಾಗಿಯೂ ಇಲ್ಲ. ಗೇಜ್ ಎಳೆದಾಗ ಬೆಣ್ಣೆಯಲ್ಲಿ ಚಾಕು ಎಳೆದ ಹಾಗೆ ಸ್ವಲ್ಪ ತಡೆ ಸಿಗಬೇಕು. ಲಾಕ್ ನಟ್ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಅಳೆಯಿರಿ, ಬಿಗಿಯುವಾಗ ಸ್ಕ್ರೂ ತಿರುಗಿರುತ್ತದೆ. ಎಷ್ಟು ಅಂತರ ಅನ್ನುವುದಕ್ಕೆ ನಿಮ್ಮ ಗಾಡಿಯ ಪುಸ್ತಕವೇ ಪ್ರಮಾಣ. ಪುಷ್‌ರಾಡ್ ಇರುವ ಕೆಲವು ಅಲ್ಯೂಮಿನಿಯಂ ಎಂಜಿನ್‌ಗಳಲ್ಲಿ ಬಿಸಿಗೆ ಅಂತರ ಹೆಚ್ಚುತ್ತದೆ, ಯಾಕೆಂದರೆ ಬ್ಲಾಕ್ ಹಿಗ್ಗಿದಷ್ಟು ಉಕ್ಕಿನ ಕಡ್ಡಿ ಹಿಗ್ಗುವುದಿಲ್ಲ. ಅಂಥವುಗಳಲ್ಲಿ ತಣ್ಣಗಿರುವಾಗ ಸೊನ್ನೆಗೆ ಹತ್ತಿರ ಇಡಲು ಹೇಳಿರುತ್ತಾರೆ. ಒಂದರ ಅಳತೆ ಇನ್ನೊಂದಕ್ಕೆ ಹಾಕಬೇಡಿ.

ಟ್ಯಾಪೆಟ್ ಸರಿಯಿದ್ದೂ ಬಿಸಿಯಲ್ಲಿ ಕಿಕ್ ಹಗುರವಿದ್ದರೆ ಕಂಪ್ರೆಷನ್ ಗೇಜ್ ಹಾಕಿ. ಬಿಸಿ ಎಂಜಿನ್, ಆಕ್ಸಿಲರೇಟರ್ ಪೂರ್ತಿ ತೆರೆದಿರಬೇಕು, ಇಗ್ನಿಷನ್ ಕೆಲಸ ಮಾಡದಂತೆ ಮಾಡಿ ಮುಳ್ಳು ಏರುವುದು ನಿಲ್ಲುವ ತನಕ ಕಿಕ್ ಹೊಡೆಯಬೇಕು. ಆಮೇಲೆ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ಅಳೆಯಿರಿ. ಮುಳ್ಳು ಚೆನ್ನಾಗಿ ಏರಿದರೆ ರಿಂಗ್, ಬೋರ್. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಬೋರ್ ಮಾಡಿಸುವ ಮಾತು ಈ ಪರೀಕ್ಷೆ ಆದ ಮೇಲೆ, ಮೊದಲಲ್ಲ.

ಟೂ ಸ್ಟ್ರೋಕ್ ಗಾಡಿಯವರಿಗೆ ವಾಲ್ವ್ ಚಿಂತೆಯಿಲ್ಲ, ಅದರ ಬದಲು ಕ್ರ್ಯಾಂಕ್ ಸೀಲ್ ಇದೆ. ಮ್ಯಾಗ್ನೆಟ್ ಬದಿಯ ಸೀಲ್ ಸೋರಿದರೆ ಗಾಳಿ ಎಳೆದುಕೊಂಡು ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ಏರುತ್ತದೆ. ಕ್ಲಚ್ ಬದಿಯದು ಸೋರಿದರೆ ಗೇರ್ ಆಯಿಲ್ ಎಳೆದು ಬಿಳಿ ಹೊಗೆ, ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆ.

ಸೆಲ್ಫ್ ಸ್ಟಾರ್ಟ್ ಇರುವ ಗಾಡಿ ಬಿಸಿಯಲ್ಲಿ ಮಾತ್ರ ನಿಧಾನ ತಿರುಗಿದರೆ, ಬಟನ್ ಒತ್ತಿರುವಾಗಲೇ ಬ್ಯಾಟರಿ ತುದಿಗಳಲ್ಲಿ ಅಳೆಯಿರಿ. 10 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ ಅಥವಾ ಮೋಟಾರ್ ಹೆಚ್ಚು ಎಳೆಯುತ್ತಿದೆ. ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಮೈಗೆ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ತಂತಿ ಬಿಚ್ಚಿ, ಉಜ್ಜಿ, ಕೂರಿಸಿ. ಬ್ಯಾಟರಿ ಇಗ್ನಿಷನ್ ಆಗಿದ್ದರೆ ವೋಲ್ಟೇಜ್ ಬಿದ್ದಾಗ ಕಿಡಿಯೂ ಸಾಯುತ್ತದೆ, ಆಗ ಕಾಯಿಲ್ ಮೇಲೆ ಅಪವಾದ ಬರುತ್ತದೆ.

ಯಾರೋ ಕೇಳಿದರು, ನಿಂತ ಗಾಡಿಯ ಎಂಜಿನ್ ಮೇಲೆ ಒಂದು ಬಾಟಲಿ ನೀರು ಸುರಿದರೆ ಬೇಗ ಸ್ಟಾರ್ಟ್ ಆಗುತ್ತದಲ್ಲ, ಹಾಗೆ ಮಾಡಬಹುದಾ ಅಂತ. ಬೇಡ. ಸುಡುವ ಸಿಲಿಂಡರ್ ಮೇಲೆ ತಣ್ಣೀರು ಬಿದ್ದರೆ ರೆಕ್ಕೆ ಬಿರಿಯಬಹುದು, ಹೆಡ್ ಸೊಟ್ಟಗಾಗಬಹುದು. ಅಷ್ಟೇ ಅಲ್ಲ, ಎಲ್ಲವನ್ನೂ ಒಟ್ಟಿಗೆ ತಣ್ಣಗೆ ಮಾಡಿದರೆ ಯಾವುದು ಕೈಕೊಟ್ಟಿತ್ತು ಅನ್ನುವ ಸುಳಿವೂ ತೊಳೆದುಹೋಗುತ್ತದೆ. ಹಿಂಡಿದ ಬಟ್ಟೆಯನ್ನು ಕಾರ್ಬುರೇಟರ್ ಬೌಲ್‌ಗೆ ಮಾತ್ರ ಸುತ್ತಿ ಐದು ನಿಮಿಷ ಕಾಯಿರಿ. ಎದ್ದರೆ ಕುದಿಯುತ್ತಿದ್ದದ್ದು ಪೆಟ್ರೋಲ್. ಏಳದಿದ್ದರೆ ಬಟ್ಟೆಯನ್ನು ಕಾಯಿಲ್‌ಗೆ ಸುತ್ತಿ.